ಗಂಡ ಅಮೆರಿಕದಲ್ಲಿ, ನಾನು ಬೆಂಗಳೂರಿನಲ್ಲಿ: ಮುಂಬೈ ಇಂಟರ್‌ವ್ಯೂಗೆ ತಯಾರಿ ಹೇಗೆ?

ರಾಜಾಜಿನಗರ_ಹುಡುಗಿ
ಎಲ್ಲರಿಗೂ ನಮಸ್ಕಾರ. ನನ್ನ ಗಂಡ ಅಮೆರಿಕದ ಸಿಟಿಜನ್. ನಾನು ಸದ್ಯ ರಾಜಾಜಿನಗರದಲ್ಲಿ ಅಪ್ಪ ಅಮ್ಮನ ಜೊತೆ ಇದ್ದೇನೆ. ಮದುವೆಯಾಗಿ ಒಂದು ವರ್ಷದ ಮೇಲಾಯಿತು. ನನ್ನನ್ನು ಕರೆಸಿಕೊಳ್ಳಲು ಅವರು ಹಾಕಿದ ಐ-130 ಅರ್ಜಿ ಪಾಸಾಗಿದೆ, ಎನ್‌ವಿಸಿಯವರು (ಅಮೆರಿಕದ ರಾಷ್ಟ್ರೀಯ ವೀಸಾ ಕೇಂದ್ರ) ದಾಖಲೆ ಒಪ್ಪಿಕೊಂಡಿದ್ದಾರೆ, ಈಗ ಮುಂಬೈಯ ಅಮೆರಿಕ ಕಾನ್ಸುಲೇಟ್‌ನಲ್ಲಿ ವಲಸೆ ವೀಸಾ ಇಂಟರ್‌ವ್ಯೂಗೆ ದಿನಾಂಕ ಬಂದಿದೆ.

ನಮ್ಮದು ಮನೆಯವರು ನೋಡಿ ಮಾಡಿದ ಮದುವೆ. ಜಾತಕ ಕೂಡಿತು, ಫೋನಿನಲ್ಲಿ ಮಾತಾಡಿದೆವು, ಅವರು ರಜೆ ಹಾಕಿ ಬಂದಾಗ ನಿಶ್ಚಿತಾರ್ಥ, ಅದೇ ರಜೆಯಲ್ಲಿ ಮದುವೆ. ಆಮೇಲೆ ಒಮ್ಮೆ ಬಂದು ಹೋಗಿದ್ದಾರೆ. ಒಟ್ಟಿಗೆ ಇದ್ದದ್ದು ಕಡಿಮೆ. ಇಬ್ಬರ ಹೆಸರಿನಲ್ಲಿ ಬ್ಯಾಂಕ್ ಖಾತೆ ಇಲ್ಲ, ಬಾಡಿಗೆ ಕರಾರೂ ಇಲ್ಲ. ಇದು ನಿಜವಾದ ಮದುವೆ ಅಂತ ಏನು ತೋರಿಸಲಿ?

ಪರಿಚಯದ ಏಜೆಂಟ್ ಒಬ್ಬರು ದಪ್ಪ ಪ್ರಶ್ನೆಪಟ್ಟಿ ಕೊಟ್ಟು ಬಾಯಿಪಾಠ ಮಾಡಿ ಅಂದಿದ್ದಾರೆ. ಗಂಡನ ಟೂತ್‌ಬ್ರಶ್ ಬಣ್ಣ ಯಾವುದು, ಮಂಚದ ಯಾವ ಕಡೆ ಮಲಗುತ್ತಾರೆ, ಇಂಥವೆಲ್ಲ. ಇಂಟರ್‌ವ್ಯೂಗೆ ಮುಂಚೆ ಇವರು ಬಂದರೆ ಒಂದೇ ದಿನ ಬೇರೆ ಬೇರೆ ಬಟ್ಟೆ ಹಾಕಿಕೊಂಡು ಕಬ್ಬನ್ ಪಾರ್ಕ್, ನಂದಿ ಬೆಟ್ಟ ಎಲ್ಲ ಕಡೆ ಫೋಟೋ ತೆಗೆಸಿ, ಬೇರೆ ಬೇರೆ ತಿಂಗಳಿನವು ಅಂತ ಆಲ್ಬಮ್ ಮಾಡಿಕೊಡುತ್ತಾರಂತೆ. ನನ್ನ ಮನಸ್ಸು ಒಪ್ಪುತ್ತಿಲ್ಲ. ಹೋಗಿ ಬಂದವರು ದಯವಿಟ್ಟು ಹೇಳಿ.

ಹನುಮಂತನಗರ_ನಿವಾಸಿ
ಮೊದಲು ಗಾಬರಿ ಬಿಡಿ. ನಿಮ್ಮ ಏಜೆಂಟ್ ಎರಡು ಬೇರೆ ಇಂಟರ್‌ವ್ಯೂಗಳನ್ನು ಕಲಸಿ ಹೇಳುತ್ತಿದ್ದಾರೆ. ಗಂಡ ಹೆಂಡತಿ ಇಬ್ಬರೂ ಅಮೆರಿಕದ ಒಳಗೇ ಇದ್ದು ಅಲ್ಲೇ ಗ್ರೀನ್ ಕಾರ್ಡ್‌ಗೆ ಹಾಕಿದರೆ ಯುಎಸ್‌ಸಿಐಎಸ್ (ಅಲ್ಲಿನ ವಲಸೆ ಇಲಾಖೆ) ಕಚೇರಿಗೆ ಇಬ್ಬರನ್ನೂ ಕರೆಯುತ್ತಾರೆ. ಅನುಮಾನ ಬಂದರೆ ಬೇರೆ ಬೇರೆ ಕೂರಿಸಿ ಒಂದೇ ಪ್ರಶ್ನೆ ಕೇಳಿ ಉತ್ತರ ತಾಳೆ ನೋಡುತ್ತಾರೆ. ಟೂತ್‌ಬ್ರಶ್ ಕಥೆ ಹುಟ್ಟಿದ್ದು ಅಲ್ಲಿಂದ.

ನಿಮ್ಮದು ಕಾನ್ಸುಲೇಟ್ ಇಂಟರ್‌ವ್ಯೂ. ನೀವೊಬ್ಬರೇ ಹೋಗುತ್ತೀರಿ, ಗಂಡ ಬರಲೇಬೇಕು ಅಂತಿಲ್ಲ. ಗಾಜಿನ ಕಿಟಕಿ ಮುಂದೆ ನಿಂತು ಮಾತು. ಬೆರಳಚ್ಚು, ಬಲಗೈ ಎತ್ತಿ ಪ್ರಮಾಣ, ಆಮೇಲೆ ಪ್ರಶ್ನೆ. ನನ್ನ ತಂಗಿಗೆ ಕೇಳಿದ್ದು: ಸಂಬಂಧ ಹೇಗೆ ಬಂತು, ಮದುವೆ ಎಲ್ಲಾಯಿತು, ಗಂಡನಿಗೆ ಏನು ಕೆಲಸ, ಯಾವ ಊರಲ್ಲಿದ್ದಾರೆ, ಜೊತೆಗೆ ಯಾರಿದ್ದಾರೆ, ಅವರಿಗೆ ಮೊದಲು ಮದುವೆಯಾಗಿತ್ತಾ, ಮದುವೆಯಾದ ಮೇಲೆ ಭೇಟಿಯಾದದ್ದು ಯಾವಾಗ. ಮಾತು ಬೇಗ ಮುಗಿಯಿತು. ಕಾಯುವುದೇ ಜಾಸ್ತಿ.

ಕಾಫಿ_ಪುಡಿ
ಆ ಏಜೆಂಟ್‌ಗೆ ಇವತ್ತೇ ಕೈ ಮುಗಿದು ಬಿಡಿ.

ವೈಟ್‌ಫೀಲ್ಡ್_ವಾಸಿ
ಎಲ್ಲರೂ ಏಜೆಂಟ್‌ಗೆ ಬೈಯುವುದು ಸುಲಭ. ಅವರು ದಿನಾ ಇಂಥ ಕೇಸ್ ನೋಡುತ್ತಿರುತ್ತಾರೆ. ಮದುವೆ ನಿಜವೇ ಅಲ್ವಾ? ಹಾಗಿದ್ದ ಮೇಲೆ ನಾಲ್ಕು ಫೋಟೋ ಜಾಸ್ತಿ ತೆಗೆಸಿದರೆ ಯಾರಿಗೇನು ನಷ್ಟ? ದೂರದಲ್ಲಿರುವ ಜೋಡಿಗೆ ಸಾಕ್ಷಿ ಕಡಿಮೆ ಇರುತ್ತದೆ, ಅದನ್ನು ತುಂಬಿಸಬೇಕು.

ಗಾಂಧಿಬಜಾರ್_ವಕೀಲೆ
ನಷ್ಟ ಇದೆ ಸರ್. ಫೋಟೋ ಜಾಸ್ತಿ ತೆಗೆಸುವುದು ತಪ್ಪಲ್ಲ. ಒಂದೇ ದಿನದ ಫೋಟೋಗೆ ಬೇರೆ ಬೇರೆ ತಿಂಗಳು ಬರೆದು, ಪ್ರಮಾಣ ಮಾಡಿ, ಅಧಿಕಾರಿಯ ಮುಂದೆ ಇಟ್ಟರೆ ಅದು ಸುಳ್ಳು ಸಾಕ್ಷಿ. ಅಮೆರಿಕದ ವಲಸೆ ಕಾನೂನಿನಲ್ಲಿ, ಮುಖ್ಯವಾದ ವಿಷಯದಲ್ಲಿ ಬೇಕೆಂದೇ ಸುಳ್ಳು ಹೇಳಿದವರಿಗೆ ಜೀವನಪೂರ್ತಿ ಪ್ರವೇಶಕ್ಕೆ ಅಡ್ಡಿ ಬರುತ್ತದೆ. ಮದುವೆಯೇ ಮೋಸ ಅಂತ ತೀರ್ಮಾನವಾದರೆ ಸೆಕ್ಷನ್ 204(ಸಿ) ಪ್ರಕಾರ ಮುಂದೆ ಯಾರು ಅರ್ಜಿ ಹಾಕಿದರೂ ಒಪ್ಪುವಂತಿಲ್ಲ. 1986ರಲ್ಲಿ ತಿದ್ದುಪಡಿ ತಂದಾಗಿನಿಂದ ಇಂಥ ಮೋಸಕ್ಕೆ 5 ವರ್ಷದವರೆಗೆ ಜೈಲು, 2,50,000 ಡಾಲರ್‌ವರೆಗೆ ದಂಡ ಇದೆ.

ಇಲ್ಲಿ ಸಂಕಟ ಏನು ಗೊತ್ತಾ? ಮದುವೆ ನಿಜ, ಸಂಬಂಧ ನಿಜ. ಸುಳ್ಳು ಆಲ್ಬಮ್ ಒಂದು ಸೇರಿದರೆ ಆ ನಿಜದ ಮೇಲೇ ಅನುಮಾನ ಬರುತ್ತದೆ. ಇವರ ಹತ್ತಿರ ಇರುವುದೇ ಸಾಕಾಗುವಾಗ ಇದೆಲ್ಲ ಯಾಕೆ?

ವೈಟ್‌ಫೀಲ್ಡ್_ವಾಸಿ
ಕಾನೂನು ಒಪ್ಪುತ್ತೇನೆ ಮೇಡಂ. ತಾರೀಖು ಬದಲಿಸುವುದು ಬೇಡ. ಆದರೆ ಅಭ್ಯಾಸ ಬೇಕೇ ಬೇಕು ಅಂತ ಈಗಲೂ ಹೇಳುತ್ತೇನೆ. ನನ್ನ ಚಿಕ್ಕಪ್ಪನ ಮಗಳು ಕಿಟಕಿ ಮುಂದೆ ಮಾತೇ ಬಾರದೆ ನಿಂತುಬಿಟ್ಟಳು. ಗಂಡನ ಕಂಪನಿ ಹೆಸರು ಗೊತ್ತಿದ್ದೂ ಬಾಯಿಗೆ ಬರಲಿಲ್ಲ.

ಮಲ್ಲೇಶ್ವರದ_ಅಮ್ಮ
ಮಗಳೇ, ನನ್ನ ಮಗಳದ್ದೂ ನಿನ್ನ ಥರವೇ ಮದುವೆ. ನೋಡಿ ಮಾಡಿದ ಮದುವೆ ಅಂತ ಹೇಳಿಕೊಳ್ಳುವುದಕ್ಕೆ ಹಿಂಜರಿಯಬೇಡ. ಮುಂಬೈಯಲ್ಲಿ ಕೂತಿರುವವರು ದಿನವೂ ನೋಡುವುದು ಇಂಥ ಮದುವೆಗಳನ್ನೇ. ಅವರಿಗೆ ವಿಚಿತ್ರ ಅನ್ನಿಸುವುದು ನಾಲ್ಕು ಜನ ಸೇರದ ಮದುವೆ.

ನಮ್ಮ ಮದುವೆಗಳಲ್ಲಿ ಸಾಕ್ಷಿಗೆ ಬರವೇ? ಲಗ್ನಪತ್ರಿಕೆ ಇದೆ, ಅದರಲ್ಲಿ ಎರಡೂ ಕಡೆಯ ಹಿರಿಯರ ಹೆಸರಿದೆ. ಛತ್ರದ ರಸೀದಿ ಇದೆ. ಅಡುಗೆಯವರ ಬಿಲ್ ಇದೆ. ನಿಶ್ಚಿತಾರ್ಥದ ಫೋಟೋ, ವರಪೂಜೆ, ಧಾರೆ, ಆರತಕ್ಷತೆ, ಗೃಹಪ್ರವೇಶ. ಎಲ್ಲದರಲ್ಲೂ ಅತ್ತೆ, ಮಾವ, ನಾದಿನಿ, ಸೋದರಮಾವ ಸಾಲಾಗಿ ನಿಂತಿರುತ್ತಾರೆ. ನಾವು ಧಾರೆಯ ಫೋಟೋ ಹಿಂದೆ ಪೆನ್ಸಿಲ್‌ನಲ್ಲಿ ಯಾರು ಯಾರು ಅಂತ ಬರೆದಿಟ್ಟೆವು. ಬೀಗರ ಕೈ, ನಮ್ಮ ಯಜಮಾನರ ಕೈ, ಮೇಲೆ ಮಗಳ ಕೈ, ತೆಂಗಿನಕಾಯಿ ಮೇಲೆ ಹಾಲು ಬೀಳುತ್ತಿರುವ ಫೋಟೋ ಅದು. ಅಧಿಕಾರಿ ಅದನ್ನೇ ಎತ್ತಿಕೊಂಡು "ಇವರು ಯಾರು?" ಅಂತ ಒಬ್ಬೊಬ್ಬರನ್ನೇ ತೋರಿಸಿ ಕೇಳಿದರಂತೆ. ಇವಳು ಗಂಡನ ದೊಡ್ಡಪ್ಪ, ಸೋದರತ್ತೆ ಎಲ್ಲರನ್ನೂ ಹೇಳಿದಳು. ಹೇಳುತ್ತಾ ಹೇಳುತ್ತಾ ಭಯ ಹೋಯಿತು ಅಂದಳು.

ಇನ್ನೊಂದು ಮಾತು. ನಮ್ಮಂಥ ಮನೆಗಳಲ್ಲಿ ಗಂಡನ ಹೆಸರು ಬಾಯಲ್ಲಿ ಹೇಳುವ ರೂಢಿ ಇಲ್ಲ. "ಅವರು", "ನಮ್ಮವರು" ಅಂತಲೇ ಅಭ್ಯಾಸ. ಅಲ್ಲಿ ಪೂರ್ತಿ ಹೆಸರು, ಹುಟ್ಟಿದ ದಿನ, ಕೆಲಸ ತಡವರಿಸದೆ ಹೇಳು.

ಕರಾವಳಿ_ಹುಡುಗ
ಅಮ್ಮ ಹೇಳಿದ್ದು ಸರಿ. ಇದಕ್ಕೆ ವಾಟ್ಸಾಪ್ ಕರೆಗಳ ದಾಖಲೆ ಸೇರಿಸಿ. ಎಲ್ಲ ಚಾಟ್ ಪ್ರಿಂಟ್ ಮಾಡಬೇಡಿ, ಯಾರೂ ಓದುವುದಿಲ್ಲ. ಬೇರೆ ಬೇರೆ ತಿಂಗಳಿನ ನಾಲ್ಕೈದು ಪುಟ, ಕರೆಗಳ ಪಟ್ಟಿ ಸಾಕು. ಅವರು ಬಂದು ಹೋದ ವಿಮಾನದ ಬೋರ್ಡಿಂಗ್ ಪಾಸ್, ಪಾಸ್‌ಪೋರ್ಟ್ ಮುದ್ರೆಯ ಜೆರಾಕ್ಸ್, ಹಣ ಕಳಿಸಿದ್ದರೆ ಆ ವಿವರ. ಮದುವೆಯಾದ ಮೇಲೆ ಅವರು ಮತ್ತೆ ಬಂದು ಹೋದದ್ದು ದೊಡ್ಡ ಸಾಕ್ಷಿ.

ರಾಜಾಜಿನಗರ_ಹುಡುಗಿ
ಅಮ್ಮಾ, ನಿಮ್ಮ ಮಾತು ಓದಿ ಎಷ್ಟೋ ಸಮಾಧಾನ ಆಯಿತು. ಛತ್ರದ ರಸೀದಿ ಅಪ್ಪನ ಫೈಲ್‌ನಲ್ಲಿ ಇದೆ, ಈಗಷ್ಟೇ ನೋಡಿದೆ.

ಈಗ ಹೆಸರಿನ ತೊಂದರೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಹೆಸರಿನ ಜೊತೆ ಎರಡು ಇನಿಷಿಯಲ್ ಇದೆ. ಪಾಸ್‌ಪೋರ್ಟ್‌ನಲ್ಲಿ ಅದನ್ನು ಬಿಡಿಸಿ ಊರಿನ ಹೆಸರು, ಅಪ್ಪನ ಹೆಸರು ಎರಡೂ ಸೇರಿದೆ. ಮದುವೆ ಸರ್ಟಿಫಿಕೇಟ್‌ನಲ್ಲಿ ಅಪ್ಪನ ಹೆಸರು ಮಾತ್ರ. ಇದನ್ನು ಕೇಳಿದರೆ?

ಜಯನಗರ_4ನೇ_ಬ್ಲಾಕ್
ಕರ್ನಾಟಕದವರ ಅರ್ಧ ತಲೆನೋವು ಇದೇ. ಮೂರು ಕಾಗದದಲ್ಲಿ ಮೂರು ಥರ ಹೆಸರು. ಅವರಿಗೂ ಇದು ಹೊಸದಲ್ಲ, ಆದರೆ ನೀವು ವಿವರಿಸಲು ಸಿದ್ಧ ಇರಬೇಕು. ಎಲ್ಲ ರೂಪಗಳೂ ಒಬ್ಬರದ್ದೇ ಅಂತ ನೋಟರಿ ಮುಂದೆ ಅಫಿಡವಿಟ್ ಮಾಡಿಸಿ. ವಲಸೆ ವೀಸಾದ ಆನ್‌ಲೈನ್ ಅರ್ಜಿ ಡಿಎಸ್-260ರಲ್ಲಿ "ಬೇರೆ ಹೆಸರು ಬಳಸಿದ್ದೀರಾ" ಅಂತ ಕೇಳುವ ಕಡೆ ಇವನ್ನೆಲ್ಲ ಬರೆದಿದ್ದೀರಾ ಅಂತ ಒಮ್ಮೆ ನೋಡಿಕೊಳ್ಳಿ.

ಸರ್‌ನೇಮ್ ಜಾಗ ಖಾಲಿ ಇರುವ ಪಾಸ್‌ಪೋರ್ಟ್ ಆಗಿದ್ದರೆ ಅದನ್ನು ಮೊದಲು ಸರಿಮಾಡಿಸಿ. ಹಳೇ ಮೈಸೂರು ಕಡೆ ಎಷ್ಟೋ ಜನರದ್ದು ಹಾಗೇ ಇರುತ್ತದೆ. ವೀಸಾದಲ್ಲಿ ಮೊದಲ ಹೆಸರಿನ ಜಾಗಕ್ಕೆ "ಎಫ್‌ಎನ್‌ಯು" (ಮೊದಲ ಹೆಸರು ಗೊತ್ತಿಲ್ಲ) ಅಂತ ಬರುತ್ತದೆ, ನಿಮ್ಮ ಹೆಸರು ಸರ್‌ನೇಮ್ ಆಗಿಬಿಡುತ್ತದೆ. ಅಲ್ಲಿಗೆ ಹೋದ ಮೇಲೆ ಡ್ರೈವಿಂಗ್ ಲೈಸೆನ್ಸ್, ಬ್ಯಾಂಕ್ ಎಲ್ಲ ಕಡೆ ಅದೇ ಹಿಂದೆ ಬರುತ್ತದೆ. ನಮ್ಮ ಅತ್ತಿಗೆ ಇದರಿಂದ ಬಹಳ ಒದ್ದಾಡಿದರು.

ದಾವಣಗೆರೆ_ಬೆಣ್ಣೆ
ಮದುವೆಯಾದ ಮೇಲೆ ಗಂಡನ ಸರ್‌ನೇಮ್ ಹಾಕಿಸಲೇಬೇಕಾ?

ಗಾಂಧಿಬಜಾರ್_ವಕೀಲೆ
ಬೇಡ. ಹುಟ್ಟಿನಿಂದ ಬಂದ ಹೆಸರಲ್ಲೇ ಹೋಗಬಹುದು. ಪಾಸ್‌ಪೋರ್ಟ್‌ನಲ್ಲಿ ಗಂಡನ ಹೆಸರು ಸೇರಿಸದಿದ್ದರೂ ವೀಸಾ ನಿಲ್ಲುವುದಿಲ್ಲ.

ಶಿರಸಿ_ಅಡಿಕೆ
ಜನನ ಪ್ರಮಾಣಪತ್ರದ ವಿಷಯ ಯಾರೂ ಹೇಳಲಿಲ್ಲ. ಹಳೇ ಸರ್ಟಿಫಿಕೇಟ್‌ಗಳಲ್ಲಿ ಮಗುವಿನ ಹೆಸರೇ ಇರುವುದಿಲ್ಲ. "ಹೆಣ್ಣು" ಅಂತ ಒಂದು ಪದ, ಅಪ್ಪ ಅಮ್ಮನ ಹೆಸರು, ಆಸ್ಪತ್ರೆ, ಅಷ್ಟೇ. ಹೆಸರಿಡುವ ಮುಂಚೆಯೇ ಆಸ್ಪತ್ರೆಯವರು ನೋಂದಣಿ ಮಾಡಿಸಿಬಿಡುತ್ತಿದ್ದರು. ನೋಂದಣಿ ಕಚೇರಿಗೆ ಹೋಗಿ ಹೆಸರು ಸೇರಿಸಿ ಹೊಸ ಪ್ರತಿ ತೆಗೆದುಕೊಳ್ಳಬೇಕು. ಎಲ್ಲೂ ನೋಂದಣಿಯೇ ಆಗಿಲ್ಲ ಅಂದರೆ "ಲಭ್ಯವಿಲ್ಲ" ಅಂತ ಅದೇ ಕಚೇರಿಯಿಂದ ಪತ್ರ, ಜೊತೆಗೆ ಶಾಲೆಯ ದಾಖಲೆ, ಅಪ್ಪ ಅಮ್ಮನ ಅಫಿಡವಿಟ್. ಕನ್ನಡದಲ್ಲಿ ಮಾತ್ರ ಇರುವ ಕಾಗದಕ್ಕೆ ಇಂಗ್ಲಿಷ್ ಅನುವಾದ ಬೇಕು, ಅನುವಾದ ಮಾಡಿದವರ ಸಹಿಯೂ ಬೇಕು.

ಹೊಸಕೋಟೆ_ರಸ್ತೆ
ಬೆಂಗಳೂರಿನಲ್ಲೇ ಅಮೆರಿಕ ಕಾನ್ಸುಲೇಟ್ ಬಂತಲ್ಲ, ಮುಂಬೈಗೆ ಯಾಕೆ ಹೋಗಬೇಕು?

ಕರಾವಳಿ_ಹುಡುಗ
2025ರ ಜನವರಿಯಲ್ಲಿ ಉದ್ಘಾಟನೆ ಆದದ್ದು ನಿಜ. ಆದರೆ ಬಾಗಿಲು ತೆರೆದಾಗ ವೀಸಾ ಕೆಲಸ ಇರಲಿಲ್ಲ. ಇವರಿಗೆ ಪತ್ರದಲ್ಲಿ ಮುಂಬೈ ಅಂತ ಬಂದಿದೆ ಅಂದರೆ ಮುಂಬೈಗೇ ಹೋಗಬೇಕು.

ಮಾರತಹಳ್ಳಿ_ಟೆಕ್ಕಿ
ನನ್ನ ಹೆಂಡತಿಗೆ ಚೆನ್ನೈಯಲ್ಲೇ ಆಯಿತು. ಇಷ್ಟೆಲ್ಲ ಪೇಪರ್ ಕೇಳಲೇ ಇಲ್ಲ. ಸುಮ್ನೆ ಹೆದರಿಸುತ್ತಿದ್ದೀರಾ.

ಹನುಮಂತನಗರ_ನಿವಾಸಿ
ನೀವು ಎಚ್-1ಬಿ ಕೆಲಸದ ವೀಸಾದಲ್ಲಿ ಇದ್ದೀರಾ? ಹಾಗಾದರೆ ನಿಮ್ಮವರದ್ದು ಎಚ್-4, ಅದು ತಾತ್ಕಾಲಿಕ ವೀಸಾ. ಇಲ್ಲಿ ನಡೆಯುತ್ತಿರುವುದು ವಲಸೆ ವೀಸಾ ಮಾತು. ಎರಡಕ್ಕೂ ಸಂಬಂಧವೇ ಇಲ್ಲ.

ಮಾರತಹಳ್ಳಿ_ಟೆಕ್ಕಿ
ಹೌದು, ಎಚ್-4. ಸರಿ ಸರಿ.

ಯಶವಂತಪುರ_ಸಂಜೆ
ನನ್ನದು ಬೇರೆ ಥರದ ಕಷ್ಟ. ನಾವು ಪ್ರೀತಿಸಿ ಮದುವೆಯಾದವರು, ಜಾತಿ ಬೇರೆ. ವಿಶೇಷ ವಿವಾಹ ಕಾಯ್ದೆಯಲ್ಲಿ ರಿಜಿಸ್ಟರ್ ಆಫೀಸ್ ಮದುವೆ. ನಮ್ಮ ಮನೆಯವರು ಬರಲಿಲ್ಲ, ಈಗಲೂ ಮಾತಿಲ್ಲ. ಮೇಲೆ ಅಮ್ಮ ಹೇಳಿದ ಛತ್ರ, ಧಾರೆ, ಬೀಗರು ಒಂದೂ ನನ್ನ ಹತ್ತಿರ ಇಲ್ಲ. "ನಾಲ್ಕು ಜನ ಸೇರದ ಮದುವೆ" ವಿಚಿತ್ರ ಅನ್ನಿಸುತ್ತದೆ ಅಂದರೆ ನಮ್ಮಂಥವರ ಗತಿ ಏನು?

ಮಲ್ಲೇಶ್ವರದ_ಅಮ್ಮ
ನೊಂದುಕೊಳ್ಳಬೇಡ ಕಣಮ್ಮ. ನಿನ್ನಂಥವರ ಮದುವೆ ಕಡಿಮೆ ಅಂತ ನಾನು ಹೇಳಿದ್ದಲ್ಲ. ಮನೆಯವರು ಬರಲಿಲ್ಲ ಅಂತ ಕೇಳಿದರೆ ಕಾರಣ ಹೇಳು. ಮುಚ್ಚಿಡುವುದಕ್ಕೆ ಏನಿದೆ?

ಗಾಂಧಿಬಜಾರ್_ವಕೀಲೆ
ನಿಮ್ಮ ಕೇಸ್ ಹಲವು ರೀತಿಯಲ್ಲಿ ಗಟ್ಟಿ. 1954ರ ಕಾಯ್ದೆಯಲ್ಲಿ 30 ದಿನದ ನೋಟಿಸ್ ಕೊಟ್ಟು, ಮೂವರು ಸಾಕ್ಷಿಗಳ ಮುಂದೆ ಸಹಿ ಹಾಕಿದ್ದೀರಿ. ದುಡುಕಿ ಮಾಡಿದ ಕೆಲಸ ಅಲ್ಲ ಅನ್ನುವುದಕ್ಕೆ ಆ ನೋಟಿಸೇ ದಾಖಲೆ. ಸಾಕ್ಷಿ ಹಾಕಿದ ಗೆಳೆಯರಿಂದ ಅಫಿಡವಿಟ್ ತೆಗೆದುಕೊಳ್ಳಿ: ನಿಮ್ಮಿಬ್ಬರನ್ನು ಯಾವಾಗಿನಿಂದ ಬಲ್ಲರು, ಎಲ್ಲಿ ಭೇಟಿ ಮಾಡಿದ್ದರು ಅಂತ ಅವರ ಮಾತಿನಲ್ಲೇ ಇರಲಿ. ಪ್ರೀತಿಸಿದವರ ಹತ್ತಿರ ಮದುವೆಗೆ ಮುಂಚಿನ ವರ್ಷಗಳ ಫೋಟೋ, ಮೆಸೇಜು, ಪ್ರಯಾಣದ ಟಿಕೆಟ್ ಇರುತ್ತವೆ. ನೋಡಿ ಮಾಡಿದ ಮದುವೆಯವರ ಹತ್ತಿರ ಅವು ಇರುವುದಿಲ್ಲ.

ಇಬ್ಬರಲ್ಲಿ ಯಾರಿಗಾದರೂ ಹಿಂದೆ ಮದುವೆಯಾಗಿದ್ದರೆ ವಿಚ್ಛೇದನದ ಡಿಕ್ರಿಯ ದೃಢೀಕೃತ ಪ್ರತಿ ಬೇಕೇ ಬೇಕು. ಬೆಂಗಳೂರಿನಲ್ಲಿ ಆಗಿದ್ದರೆ ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದಲ್ಲಿ ಕೌಟುಂಬಿಕ ನ್ಯಾಯಾಲಯ ಇದೆ, ಅಲ್ಲಿ ಅರ್ಜಿ ಹಾಕಿ. ಜೆರಾಕ್ಸ್ ನಡೆಯುವುದಿಲ್ಲ.

ಯಶವಂತಪುರ_ಸಂಜೆ
ಧನ್ಯವಾದ ಮೇಡಂ. ಕಾಲೇಜು ದಿನಗಳ ಫೋಟೋ ಬೇಕಾದಷ್ಟಿವೆ. ಅವು ಲೆಕ್ಕಕ್ಕೆ ಬರುತ್ತವೆ ಅಂತ ಹೊಳೆದಿರಲಿಲ್ಲ.

ಬಸವನಗುಡಿ_ಲೆಕ್ಕಿಗ
ಮದುವೆ ಮಾತೇ ಆಗುತ್ತಿದೆ, ದುಡ್ಡಿನ ಮಾತು ಬರಲಿಲ್ಲ. ಗಂಡ ಐ-864 ಅಂತ ಪೋಷಣೆಯ ಒಪ್ಪಂದಕ್ಕೆ ಸಹಿ ಹಾಕಿರುತ್ತಾರೆ. ಆದಾಯ ಬಡತನ ರೇಖೆಯ 125% ಮುಟ್ಟಬೇಕು. 2025ರ ಲೆಕ್ಕದಲ್ಲಿ ಇಬ್ಬರ ಮನೆಗೆ ವರ್ಷಕ್ಕೆ 26,437 ಡಾಲರ್ ಇತ್ತು. ಮೊತ್ತ ವರ್ಷ ವರ್ಷ ಬದಲಾಗುತ್ತದೆ. ಕಡಿಮೆ ಇದ್ದರೆ ಜಂಟಿ ಪ್ರಾಯೋಜಕರು ಬೇಕು. ಹೊಸ ವರ್ಷದ ತೆರಿಗೆ ವಿವರ, ಇತ್ತೀಚಿನ ಸಂಬಳದ ಚೀಟಿ ಗಂಡನಿಂದ ತರಿಸಿಕೊಳ್ಳಿ. ಕೆಲಸ ಬದಲಿಸಿದ್ದರೆ ಹೊಸ ಕಂಪನಿಯ ಪತ್ರವೂ ಬೇಕು. ಮದುವೆ ಚೆನ್ನಾಗಿದ್ದು ಇಲ್ಲಿ ಸಿಕ್ಕಿಕೊಂಡವರನ್ನು ನೋಡಿದ್ದೇನೆ.

ಇನ್ನೊಂದು ವಿಷಯ ಹೆಣ್ಣುಮಕ್ಕಳು ತಿಳಿದಿರಬೇಕು. ವಿಚ್ಛೇದನ ಆದರೂ ಈ ಒಪ್ಪಂದ ಮುರಿಯುವುದಿಲ್ಲ. ನೀವು ಸಿಟಿಜನ್ ಆಗುವವರೆಗೆ, ಅಥವಾ 40 ತ್ರೈಮಾಸಿಕಗಳ (ಸುಮಾರು 10 ವರ್ಷದ) ದುಡಿಮೆ ಲೆಕ್ಕಕ್ಕೆ ಸೇರುವವರೆಗೆ ಅವರ ಹೊಣೆ ಇರುತ್ತದೆ.

ದಾವಣಗೆರೆ_ಬೆಣ್ಣೆ
ಇದು ಯಾರೂ ಹೇಳಿರಲಿಲ್ಲ. ಬಹಳ ಉಪಕಾರ ಆಯಿತು ಸರ್.

ನರ್ಸ್_ಅಕ್ಕ
ಮೆಡಿಕಲ್ ಬಗ್ಗೆ ನಾನು ಹೇಳುತ್ತೇನೆ. ಕಾನ್ಸುಲೇಟ್ ಪಟ್ಟಿಯಲ್ಲಿರುವ ವೈದ್ಯರ ಹತ್ತಿರವೇ ಆಗಬೇಕು, ಮನೆ ಡಾಕ್ಟರ್ ಸರ್ಟಿಫಿಕೇಟ್ ನಡೆಯುವುದಿಲ್ಲ. ಚಿಕ್ಕಂದಿನ ಲಸಿಕೆ ಪುಸ್ತಕ ಇದ್ದರೆ ಹುಡುಕಿಡಿ. ಕೊನೇ ವಾರಕ್ಕೆ ಮಾತ್ರ ಇಟ್ಟುಕೊಳ್ಳಬೇಡಿ. ಎದೆಯ ಎಕ್ಸ್‌ರೇಯಲ್ಲಿ ಹಳೇ ಕಲೆ ಕಂಡರೆ ಮೂರು ದಿನ ಕಫ ಪರೀಕ್ಷೆಗೆ ಕೊಡಬೇಕು. ಅದರ ಕಲ್ಚರ್ (ರೋಗಾಣು ಬೆಳೆಸಿ ನೋಡುವ) ವರದಿಗೆ 8 ವಾರದವರೆಗೆ ಆಗಬಹುದು. ಮೊದಲು ಟಿಬಿ ಆಗಿ ಗುಣವಾಗಿದ್ದರೆ ಮುಚ್ಚಿಡಬೇಡಿ. ಹಳೇ ಎಕ್ಸ್‌ರೇ, ಔಷಧಿ ಚೀಟಿ ಜೊತೆಗೆ ಒಯ್ಯಿರಿ. ಗುಣವಾದ ಟಿಬಿಗೆ ವೀಸಾ ನಿರಾಕರಿಸುವುದಿಲ್ಲ, ತಡ ಆಗುತ್ತದೆ ಅಷ್ಟೇ.

ಕಾಫಿ_ಪುಡಿ
ಮುಂಬೈಯಲ್ಲಿ ಉಳಿಯುವುದು ಎಲ್ಲಿ? ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಹೋಗಬಹುದಾ?

ಕರಾವಳಿ_ಹುಡುಗ
ಹೋಗಬಹುದು, ಆದರೆ ಒಂದು ದಿನ ಮುಂಚೆಯೇ ತಲುಪಿ. ರೈಲು ತಡವಾದರೆ ಯಾರೂ ಕೇಳುವುದಿಲ್ಲ. ಕಾನ್ಸುಲೇಟ್ ಇರುವುದು ಬಾಂದ್ರಾ ಕುರ್ಲಾ ಕಾಂಪ್ಲೆಕ್ಸ್‌ನಲ್ಲಿ. ನಾವು ಮಾಟುಂಗಾದಲ್ಲಿ ಉಳಿದೆವು. ನಮ್ಮವರ ಹಳೇ ಜಾಗ ಅದು, ಮೈಸೂರು ಅಸೋಸಿಯೇಷನ್ ಅಲ್ಲೇ ಇದೆ. ಸ್ಟೇಷನ್ ಪಕ್ಕ ರಾಮಾ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್‌ನಲ್ಲಿ ಬಾಳೆ ಎಲೆ ಊಟ. ಸಾರು ಕುಡಿದ ಮೇಲೆ ಜೊತೆಗಿದ್ದ ನಮ್ಮ ಅಮ್ಮನ ಮುಖದಲ್ಲಿ ಕಳೆ ಬಂತು.

ಮೊಬೈಲ್, ದೊಡ್ಡ ಬ್ಯಾಗ್ ಒಳಗೆ ಬಿಡುವುದಿಲ್ಲ. ಜೊತೆಗೆ ಬಂದವರ ಕೈಗೆ ಕೊಟ್ಟು ಹೋಗಿ. ಗಂಡನ ನಂಬರ್ ಚೀಟಿಯಲ್ಲಿ ಬರೆದುಕೊಳ್ಳಿ.

ಇಂದಿರಾನಗರ_ಕನ್ನಡತಿ
ಅಮೆರಿಕ ಅಲ್ಲದವರಿಗೂ ಒಂದು ಮಾತು. ನನ್ನ ಗಂಡ ಜರ್ಮನಿಯಲ್ಲಿದ್ದಾರೆ. ಅಲ್ಲಿಗೆ ಹೋಗುವ ಹೆಂಡತಿ ಸಾಮಾನ್ಯವಾಗಿ ಎ1 ಅನ್ನುವ ಆರಂಭದ ಮಟ್ಟದ ಜರ್ಮನ್ ಪಾಸಾಗಬೇಕು. ಬ್ಲೂ ಕಾರ್ಡ್ (ಪರಿಣತ ಕೆಲಸಗಾರರಿಗೆ ಕೊಡುವ ಪರವಾನಗಿ) ಇರುವವರ ಹೆಂಡತಿಗೆ ವಿನಾಯಿತಿ ಇದೆ, ಅದು ಗೊತ್ತಿಲ್ಲದೆ ಎಷ್ಟೋ ಜನ ಪರೀಕ್ಷೆಗೆ ಓಡಾಡುತ್ತಾರೆ. ನಾನಂತೂ ವಿನಾಯಿತಿ ಇದ್ದರೂ ಇಲ್ಲಿನ ಮ್ಯಾಕ್ಸ್ ಮ್ಯುಲ್ಲರ್ ಭವನದಲ್ಲಿ ಕಲಿತೆ. ಅಂಗಡಿಗೆ ಹೋಗಿ ಹಾಲು ಕೇಳುವುದಕ್ಕಾದರೂ ಬೇಕಲ್ಲ.

ಜಯನಗರ_4ನೇ_ಬ್ಲಾಕ್
ಒಳ್ಳೇ ಮಾಹಿತಿ, ಆದರೆ ಜರ್ಮನಿಗೆ ಬೇರೆ ಚರ್ಚೆ ಶುರು ಮಾಡಿ ಅಕ್ಕ. ಇಲ್ಲಿ ಕಳೆದುಹೋಗುತ್ತದೆ.

ರಾಜಾಜಿನಗರ_ಹುಡುಗಿ
ಏಜೆಂಟ್‌ಗೆ ಆಲ್ಬಮ್ ಬೇಡ ಅಂತ ಹೇಳಿಬಿಟ್ಟೆ. ಪ್ರಶ್ನೆಪಟ್ಟಿಯನ್ನೂ ಬದಿಗಿಟ್ಟೆ. ನಿನ್ನೆ ರಾತ್ರಿ ವಿಡಿಯೋ ಕಾಲ್‌ನಲ್ಲಿ ಇವರ ಜೊತೆ ಸುಮ್ನೆ ಮಾತಾಡುತ್ತಾ ಅವರ ಆಫೀಸಿನಲ್ಲಿ ಏನು ಕೆಲಸ, ಮೊದಲು ಯಾವ ಊರಲ್ಲಿದ್ದರು, ಯಾವಾಗ ಸಿಟಿಜನ್ ಆದರು ಎಲ್ಲ ಕೇಳಿದೆ. ಅವರೂ ನನ್ನ ಕೆಲಸದ ಬಗ್ಗೆ ಕೇಳಿದರು. ಇಷ್ಟು ದಿನ ಬರೀ ಪೇಪರ್ ಮಾತೇ ಆಗಿತ್ತು.

ಒಂದು ಪ್ರಶ್ನೆ ಉಳಿದಿದೆ. ಕೆಲವರಿಗೆ ಇಂಟರ್‌ವ್ಯೂ ಆದ ಮೇಲೆ 221(ಜಿ) ಚೀಟಿ ಕೊಡುತ್ತಾರಂತೆ. ಆನ್‌ಲೈನ್‌ನಲ್ಲಿ "ರೆಫ್ಯೂಸ್ಡ್" ಅಂತ ಬರುತ್ತದಂತೆ. ಅಲ್ಲಿಗೆ ಮುಗಿಯಿತಾ?

ಹನುಮಂತನಗರ_ನಿವಾಸಿ
ಮುಗಿಯಲಿಲ್ಲ. ಏನೋ ಕಾಗದ ಬೇಕು, ಇಲ್ಲವೇ ಇನ್ನಷ್ಟು ಪರಿಶೀಲನೆ ಬಾಕಿ ಇದೆ ಅಂತ ಅರ್ಥ. ವೆಬ್‌ಸೈಟಿನಲ್ಲಿ ಆ ಪದ ನೋಡಿ ನಮ್ಮ ಮನೆಯಲ್ಲಿ ಎಲ್ಲರೂ ಊಟ ಬಿಟ್ಟು ಕೂತಿದ್ದರು. ತಂಗಿಯ ಗಂಡನ ಹೊಸ ತೆರಿಗೆ ವಿವರ ಕೇಳಿದ್ದರು, ಕೊಟ್ಟ ಮೇಲೆ ವೀಸಾ ಬಂತು. ಚೀಟಿಯಲ್ಲಿ ಏನು ಕೇಳಿದ್ದಾರೋ ಅಷ್ಟನ್ನೇ, ಅವರು ಹೇಳಿದ ರೀತಿಯಲ್ಲೇ ಕೊಡಿ. ಒಂದು ವರ್ಷದೊಳಗೆ ಕೊಡದಿದ್ದರೆ ಕೇಸ್ ಬಿದ್ದುಹೋಗುತ್ತದೆ.

ವೈಟ್‌ಫೀಲ್ಡ್_ವಾಸಿ
ಇದಕ್ಕೇ ನಾನು ಹೇಳುವುದು, ವೀಸಾ ಹಾಕಿದ ಪಾಸ್‌ಪೋರ್ಟ್ ಕೈಗೆ ಬರುವವರೆಗೆ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ, ಟಿಕೆಟ್ ಮಾಡಿಸಬೇಡಿ.

ಗಾಂಧಿಬಜಾರ್_ವಕೀಲೆ
ಈ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ ಸರ್. ವೀಸಾ ಬಂದ ಮೇಲೂ ಒಂದು ಲೆಕ್ಕ ನೋಡಿಕೊಳ್ಳಿ. ಅಮೆರಿಕಕ್ಕೆ ಕಾಲಿಡುವ ದಿನ ಮದುವೆಗೆ 2 ವರ್ಷ ತುಂಬಿರದಿದ್ದರೆ ಸಿಗುವುದು 2 ವರ್ಷದ ಷರತ್ತಿನ ಗ್ರೀನ್ ಕಾರ್ಡ್. ಅದು ಮುಗಿಯುವ ಮುಂಚಿನ 90 ದಿನಗಳಲ್ಲಿ ಷರತ್ತು ತೆಗೆಸಲು ಐ-751 ಅರ್ಜಿ ಹಾಕಬೇಕು. ಆಗ ಮತ್ತೆ ಜಂಟಿ ಬದುಕಿನ ಸಾಕ್ಷಿ ಕೇಳುತ್ತಾರೆ. ಆದ್ದರಿಂದ ನೀವು ಅಲ್ಲಿಗೆ ಹೋದ ಮೊದಲ ತಿಂಗಳಿನಿಂದಲೇ ಬ್ಯಾಂಕು, ಬಾಡಿಗೆ, ವಿಮೆಗಳಲ್ಲಿ ಇಬ್ಬರ ಹೆಸರೂ ಇರಲಿ.

ದಾವಣಗೆರೆ_ಬೆಣ್ಣೆ
ಪೊಲೀಸ್ ಕ್ಲಿಯರೆನ್ಸ್ ಎಲ್ಲಿ ಮಾಡಿಸುವುದು? ನಾನು ಮೊದಲು ದುಬೈಯಲ್ಲಿ ಕೆಲಸ ಮಾಡಿದ್ದೆ.

ಜಯನಗರ_4ನೇ_ಬ್ಲಾಕ್
ಇಲ್ಲಿಯದ್ದು ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ. ವೆಬ್‌ಸೈಟಿನಲ್ಲಿ 500 ರೂಪಾಯಿ ಕಟ್ಟಿ ಸಮಯ ತೆಗೆದುಕೊಳ್ಳಿ. ಈಗಿನ ವಿಳಾಸ ಪಾಸ್‌ಪೋರ್ಟ್‌ನಲ್ಲಿ ಇರುವುದಕ್ಕಿಂತ ಬೇರೆ ಇದ್ದರೆ ವಿಳಾಸದ ದಾಖಲೆ ಒಯ್ಯಿರಿ, ಠಾಣೆಯಿಂದ ವಿಚಾರಣೆಗೆ ಬರುತ್ತಾರೆ. 16 ವರ್ಷವಾದ ಮೇಲೆ ದುಬೈಯಲ್ಲಿ ಒಂದು ವರ್ಷ ಅಥವಾ ಜಾಸ್ತಿ ಇದ್ದಿದ್ದರೆ ಅಲ್ಲಿಯದ್ದೂ ಬೇಕು. ಅದಕ್ಕೆ ಟೈಮ್ ಹಿಡಿಯುತ್ತದೆ, ಈ ವಾರವೇ ಅರ್ಜಿ ಹಾಕಿಬಿಡಿ.